ಕಲಿಯೋರ ಕಲ್ಲು

ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ.
ಒಂದು ಎಮ್ಮಿ ಕಾಲು ಚಾಚಿ ಮಲಗೋವಷ್ಟು ಜಾಗ.
ನಾಕೂ ಮೂಲಿಗಿ ಮೊಳಿ ಬಡ್ದು, ಬಿಳಿ ದಾರ ಬಿಗ್ದು
ಮೇಡಂ ಅಂದ್ಲು: ದಾರ ತುಳೀಬ್ಯಾಡ್ರಿ,
ಒಳಗ ಚಪ್ಪಲಿ ಬ್ಯಾಡ.
ನಕ್ವಿ ನಾವು. ಗುಡಿಯೇನಿದು?
ಆದ್ರೂ ಬಿಟ್ಟೇ ಇಳದ್ವಿ.

ಕಾಗಿಣಾ ದಂಡಿಗಿ ತಡೆಗ್ವಾಡಿ ಬರತದ.
ಹೋದ ಸರ್ತಿ ಹೊಳಿ ಊರಾಗ ಹೊಕ್ಕಾಗ
ಕಾಶಂಬಿ ಮನ್ಯಾಗಿನ ತೊಗರಿ ಚೀಲ
ನಡಮಟ ನೀರಾಗ ನಿಂತು ಮೊಳಕಿ ಒಡದಿದ್ವು.
ಆ ಕೊಳತ ವಾಸನಿ ಇನ್ನೂ ನನ್ನ ಮೂಗಿನಾಗದ.
ಗ್ವಾಡಿ ಬೇಕು. ಬ್ಯಾಡ ಅಂದವರು ಯಾರದಾರ?
ಖರೆ, ಗ್ವಾಡಿಕಿಂತ ಮೊದಲು ಪಾಯ,
ಪಾಯಕಿಂತ ಮೊದಲು ಈ ಹನ್ನೊಂದು ದಿನ.
ಕೆಳಗ ಹಳೇದೇನರ ಇದ್ರ ನೋಡ್ಬೇಕಂತ, ಕಾಯ್ದೆ ಅದಂತ.
ಗುತ್ತೇದಾರನ ಜೆಸಿಬಿ ಜಾಲಿ ನೆಳ್ಳಾಗ
ಸೊಂಡಿ ನೆಲಕ್ಕ ಊರಿ ಕುಂತದ.
ಅದರ ಡ್ರೈವರ್ ಮಕ್ತುಂ ದಿನಾ ಕೇಳ್ತಾನ:
"ಏನ್ ಸಿಕ್ತು ಚಿಗವ್ವಾ, ಬಂಗಾರ?"

ಮೊದಲು ಯರಿ ಮಣ್ಣು.
ಅದರಾಗ ಗುಟಕಾ ಚೀಟಿ, ಬಳಿಚೂರು, ತುಕ್ಕು ಹಿಡಿದ ಒಂದು ಕೀಲಿಕೈ.
ಅದನ್ನೂ ಬರಕೊಂಡ್ಲು ಮೇಡಂ.
ಮುಂದ ಹೊಳಿ ಹೊತ್ತು ತಂದ ಸಣ್ಣ ಉಸುಕು,
ಒಂದು ಪದರ, ಅದರ ಕೆಳಗ ಇನ್ನೊಂದು.
ಬೆರಳಿಟ್ಟು ತೋರಿಸಿದ್ಲು:
ಇದೊಂದು ಪ್ರವಾಹ, ಇದೊಂದು, ಇದು ಭಾಳ ದೊಡ್ಡದು.
ಪಂಚನಾಮಿ ಆಗದ ನೀರು,
ಪರಿಹಾರದ ಚೆಕ್ಕಿಗಿ ಯಾರೂ ಸಾಲು ನಿಲ್ಲದ ನೀರು.

ಐದನೇ ದಿನ ನೆಲ ಹಳದಿ ತಿರುಗ್ತು, ಗಟ್ಟಿಯಾಯ್ತು.
ಅದರಾಗ ಕಲ್ಲಿನ ಚಕ್ಕಿ, ಉಡಿ ತುಂಬೋವಷ್ಟು,
ಯಾರೋ ಈಗರ ಎದ್ದು ನೀರು ಕುಡ್ಯಾಕ ಹೋಗ್ಯಾರ
ಅನ್ನೋ ಹಂಗ ಬಿದ್ದಿದ್ವು.

ನಂಗ ಓದಾಕ ಬರಲ್ಲ.
ಇಪ್ಪತ್ತಾರು ವರ್ಷ ಶಹಾಬಾದ ಖಣಿಯಾಗ ಫರಸಿ ಎಬ್ಬಿಸೀನಿ.
ಕಲ್ಲು ಎಲ್ಲಿ ಒಪ್ತದ, ಎಲ್ಲಿ ಹಟ ಹಿಡೀತದ
ಕಣ್ಣಿಗಿ ಮೊದಲು ಮಣಿಕಟ್ಟಿಗಿ ತಿಳೀತದ.

ಅಂಗೈಯಾಗ ಬಾದಾಮಿ ಎಲಿಯಂಥ ಕಲ್ಲು ಇಟ್ಕೊಂಡು
"ಕೈಗೊಡಲಿ" ಅಂದ್ಲು ಮೇಡಂ. ವರ್ಷ ಹೇಳಿದ್ಲು. ಲಕ್ಷದ ಮಾತು.
ನಾ ಇಸ್ಕೊಂಡು ತಿರುವಿ ನೋಡಿದೆ.
ಒಂದು ಮಗ್ಗಲು ಚಂದ ಬಂದಿತ್ತು,
ಏಳೆಂಟು ಪೆಟ್ಟು, ಒಂದರ ಹೆಗಲ ಮ್ಯಾಲ ಒಂದು.
ಇನ್ನೊಂದು ಮಗ್ಗಲಿಗಿ
ಪೆಟ್ಟು ಒಳಗ ಹೋಗಿ ಹೊರಗ ಬಂದಿಲ್ಲ,
ನಡುಕ ಮುರಕೊಂಡು ಮೆಟ್ಟಿಲಾಗಿ ನಿಂತದ.
ಅಲ್ಲೇ ಮತ್ತ ಹೊಡದಾರ. ಮತ್ತ. ಮತ್ತ.
ಸಿಟ್ಟು ಬಂದದ ಆ ಕೈಗಿ.

"ಇದು ಕೆಟ್ಟಿದ್ದು ರೀ ಮೇಡಂ. ಕಲಿಯೋರದು.
ಕಲ್ಲ ಓರೆ ಮಾಡಿ ಹಿಡೀಬೇಕಿತ್ತು,
ಯಾರೂ ಹೇಳಿಲ್ಲ ಆ ಕೂಸಿಗಿ.
ಇಲ್ಲಾ, ಹೇಳ್ಯಾರ, ಇದು ಕೇಳಿಲ್ಲ."
ನಾ ಹಿಂಗೇ ಕೆಡಿಸಿದ ಮೊದಲನೇ ಹಾಸು
ನಮ್ಮವ್ವ ಬಚ್ಚಲಿಗಿ ಹಾಕಿಸ್ಯಾಳ.
ದಿನಾ ಅದರ ಮ್ಯಾಲೇ ನಿಂತು ಜಳಕ ಮಾಡ್ತೀನಿ,
ಹಿಮ್ಮಡಿಗಿ ಆ ಮೆಟ್ಟಿಲು ಗೊತ್ತದ.

ಮೇಡಂ ಭಾಳ ಹೊತ್ತು ಮಾತಾಡ್ಲಿಲ್ಲ.
ಚೀಟಿ ಮ್ಯಾಲ ನಂಬರ್ ಕೆಳಗ ಬರದು ಓದಿ ಹೇಳಿದ್ಲು:
ಅರ್ಧಕ್ಕ ಬಿಟ್ಟದ್ದು. ಗುರುತಿಸಿದವರು, ತಿಪ್ಪವ್ವ.

ಹನ್ನೊಂದನೇ ದಿನ ತಳಕ್ಕ ಪ್ಲಾಸ್ಟಿಕ್ ಹಾಸಿ
ಮಣ್ಣು ವಾಪಸ್ ಸುರುವಿದ್ವಿ.
ಸುರುವೋಕಿಂತ ಮೊದಲು ಮೇಡಂ
ಈ ವರ್ಷದ್ದೇ ಎರಡು ರೂಪಾಯಿ ನಾಣ್ಯ ಒಳಗ ಇಟ್ಲು.
ಮುಂದ ಯಾರರ ಅಗದ್ರ
ನಾವು ಬಂದು ಹೋಗಿದ್ವಿ ಅಂತ ತಿಳೀಲಿ.
ಗ್ವಾಡಿ ಆರು ಮೀಟರ್ ಆ ಕಡಿ ಸರಸ್ರಿ ಅಂತ ಬರದಾಳಂತ.
ಸರೀತದೋ ಇಲ್ಲೋ.
ಮಕ್ತುಂ ಆಗಲೇ ಎಂಜಿನ್ನಿಗಿ ಡೀಸೆಲ್ ಹಾಕ್ಲಿಕ್ಕತ್ತಿದ್ದ.

ಸೋಮವಾರದಿಂದ ಅದೇ ಗ್ವಾಡಿಗಿ
ಕಲ್ಲು ಒಡಿಯೋ ಕೂಲಿ ನಂದು.
ಮೊದಲನೇದೇ ಹಟ ಹಿಡೀತು.
ರಾಶಿಗಿ ಒಗಿಯಾಕ ಕೈ ಎತ್ತೀದಾಕಿ
ತಡದು,
ಓರೆ ಮಾಡಿ ಹಿಡಕೊಂಡೆ.